ಅತ್ತೆಯ ಕೈಯ ಮೊದಲ ತುಣುಕು

ಅತ್ತೆ ಬುನ್ನಾಮ್‌ಳ ಅಂಗಡಿಯಲ್ಲಿ ತಟ್ಟೆಯಿಂದ ಮಾಂಸ ಜಾರಿದ ದಿನದ ಸಂಗತಿಯನ್ನು ಆ ಮನೆಯ ಮೂವರು ಮೂರು ಬಗೆಯಾಗಿ ಹೇಳುತ್ತಾರೆ. ಹಿರಿಯ ಸೊಸೆ ಪಿಲ್‌ಸುನ್ ಅದನ್ನು ಮಾಂಸದಿಂದ ಆರಂಭಿಸುತ್ತಾಳೆ. ಕಿರಿಯ ಸೊಸೆ ಮಿರಾನ್ ಆಸ್ಪತ್ರೆಯಿಂದ. ಮೊಮ್ಮಗಳು ಸುಲ್ಗಿ ಬೆಕ್ಕಿನಿಂದ. ಅದು ಚುಸೊಕ್ ಎಂಬ ಸುಗ್ಗಿಹಬ್ಬ ಕಳೆದ ಮೇಲಿನ ಮೊದಲ ವ್ಯಾಪಾರದ ದಿನ ಎಂಬುದೊಂದರಲ್ಲಿ ಮಾತ್ರ ಮೂವರಿಗೂ ಒಮ್ಮತ. ಇಲ್ಲಿ ಪಿಲ್‌ಸುನ್ ಹೇಳಿದ ಕ್ರಮವನ್ನೇ ಹಿಡಿಯಲಾಗಿದೆ. ಏಕೆಂದರೆ ತನಗೆ ಅವಮಾನ ತರುವ ಭಾಗವನ್ನೂ ಬಿಡದೆ ಹೇಳಿದವಳು ಅವಳೊಬ್ಬಳೇ.

ದೇಗು ನಗರದ ಹಳೆಯ ಮಾರುಕಟ್ಟೆಯ ಹಿಂಬದಿ ಓಣಿಯಲ್ಲಿ, ಬೀಗ ರಿಪೇರಿಯವನ ಗೂಡಿಗೂ ಹಾಸಿಗೆ ಹೊಲಿಯುವವರ ಮಳಿಗೆಗೂ ನಡುವೆ, ಆರು ಮೇಜಿನ ಆ ಅಂಗಡಿ. ಹಿಂದೆ ಅಂಗಳ, ಅಂಗಳದಲ್ಲಿ ಕಿಮ್ಚಿ ಉಪ್ಪಿನಕಾಯಿ ಮತ್ತು ಸೋಯಾ ಜಾಡಿಗಳನ್ನಿಟ್ಟ ಕಲ್ಲಿನ ಜಗಲಿ, ಅದರಾಚೆ ಮನೆ. ಅಂಗಡಿಯಲ್ಲಿ ಸಿಗುವುದು ಎರಡೇ ಪದಾರ್ಥ. ಒಂದು, ಮುಂಗ್‌ತಿಗಿ ಎಂದು ಕರೆಯುವ ದನದ ಹಸಿ ಮಾಂಸದ ದಪ್ಪ ತುಂಡುಗಳು. ಇನ್ನೊಂದು, ಮೂಲಂಗಿ ಮತ್ತು ಈರುಳ್ಳಿ ಸೊಪ್ಪು ಹಾಕಿ ಕುದಿಸಿದ ದನದ ಸಾರು.

ಹಸಿ ಮಾಂಸಕ್ಕೆ ಅಲ್ಲಿ ಕಟ್ಟುನಿಟ್ಟುಂಟು. ಬೆಳಿಗ್ಗೆ ಕಡಿದ ಪ್ರಾಣಿಯ ತೊಡೆಯ ಒಳಮಾಂಸ ಮಧ್ಯಾಹ್ನಕ್ಕೆ ಅಂಗಡಿ ಸೇರಬೇಕು, ಅದಕ್ಕೆ ನೀರು ಸೋಕಬಾರದು, ಅಂದೇ ಮುಗಿಯಬೇಕು. ಕಸಾಯಿಖಾನೆಗೆ ರಜೆಯಿದ್ದ ದಿನ ಅಂಗಡಿಗೂ ರಜೆ. ಗಿರಾಕಿಯ ಮುಂದೆ ಇಡುವ ಮೊದಲು ತಟ್ಟೆಯನ್ನು ತಲೆಕೆಳಗು ಮಾಡಿ ತೋರಿಸಬೇಕು. ಅಂದಿನ ಮಾಂಸ ಅಂಟಿನಂತೆ ತಟ್ಟೆಯನ್ನು ಕಚ್ಚಿಕೊಂಡಿರುತ್ತದೆ, ನಿನ್ನೆಯದು ಜಾರುತ್ತದೆ. ಬುನ್ನಾಮ್ ಅಂಗಡಿ ತೆರೆದ ಮೂವತ್ತೆರಡು ವರ್ಷಗಳಲ್ಲಿ ಅವಳ ತಟ್ಟೆಯಿಂದ ಒಂದು ತುಂಡೂ ಜಾರಿರಲಿಲ್ಲ.

ಅದರಲ್ಲಿ ಇಪ್ಪತ್ತೊಂದು ವರ್ಷ ಹಾಗೆ ಜಾರದಂತೆ ಕಾದದ್ದು ಒಂದು ಬಾಯಿ. ಹಿರಿಯ ಮಗ ತೇಗ್ಯು ಬಟ್ಟೆಯಲ್ಲಿ ಸುತ್ತಿ ತಂದ ಮಾಂಸವನ್ನು ಹಲಗೆಯ ಮೇಲಿಟ್ಟೊಡನೆ ಬುನ್ನಾಮ್ ಒಂದು ತುಣುಕು ಕತ್ತರಿಸುವಳು. ಎಳ್ಳೆಣ್ಣೆ, ಜಜ್ಜಿದ ಬೆಳ್ಳುಳ್ಳಿ, ತರಿಯಾದ ಮೆಣಸಿನಪುಡಿಗಳ ಬಟ್ಟಲಲ್ಲಿ ಅದನ್ನು ಒಮ್ಮೆ ಅದ್ದುವಳು. "ಬಾಯಿ ತೆಗಿ" ಎನ್ನುವಳು. ತನ್ನ ಕೈಯಾರೆ ಹಿರಿಯ ಸೊಸೆಯ ಬಾಯಿಗೆ ಇಡುವಳು. ಪಿಲ್‌ಸುನ್ ಕಣ್ಣುಮುಚ್ಚಿ ಅಗಿದು ಒಂದೇ ಮಾತು ಹೇಳಬೇಕು: "ತಟ್ಟೆಗೆ" ಅಥವಾ "ಪಾತ್ರೆಗೆ". ಪಾತ್ರೆಗೆ ಎಂದ ದಿನ ಮಾಂಸವೆಲ್ಲ ಸಾರಾಗಿ ಕುದಿಯುತ್ತಿತ್ತು, ಬಾಗಿಲಿಗೆ "ಇಂದು ಸಾರು ಮಾತ್ರ" ಎಂಬ ಹಲಗೆ ಬೀಳುತ್ತಿತ್ತು. ಬುನ್ನಾಮ್ ತಾನೇ ತಿಂದು ನೋಡಬಹುದಿತ್ತಲ್ಲ ಎಂದರೆ, ಯುದ್ಧಕಾಲದ ಹಸಿವು ಅವಳ ಹಲ್ಲುಗಳನ್ನು ನಲವತ್ತರ ಹೊತ್ತಿಗೇ ಉದುರಿಸಿತ್ತು. "ಕಟ್ಟಿಸಿದ ಹಲ್ಲಿಗೆ ರಬ್ಬರೂ ಒಂದೇ, ಮಾಂಸವೂ ಒಂದೇ" ಎಂದು ಅವಳೇ ಹೇಳಿಕೊಳ್ಳುತ್ತಿದ್ದಳು.

ಪಿಲ್‌ಸುನ್ ತಾಯಿಯಿಲ್ಲದ ಹುಡುಗಿಯಾಗಿ ಚಿಕ್ಕಮ್ಮನ ಮನೆಯಲ್ಲಿ ಬೆಳೆದವಳು. ಮಾಂಸದ ಕತ್ತಿ ಹಿಡಿದವರ ಮನೆಗೆ ಹೆಣ್ಣು ಕೊಡಲು ಆಗಿನ್ನೂ ಜನ ಮುಖ ಸಿಂಡರಿಸುತ್ತಿದ್ದರು. ತಾಯಿಯಿಲ್ಲದವಳೆಂದೇ ಅವಳನ್ನು ಕೊಟ್ಟರು. ಬಂದ ಮರುದಿನ ಅತ್ತೆ ಬಾಯಿ ತೆಗಿ ಎಂದಾಗ, ಹೊಡೆಯುತ್ತಾಳೆಂದು ತಿಳಿದು ಪಿಲ್‌ಸುನ್ ಕಣ್ಣು ಮುಚ್ಚಿದಳಂತೆ. ಬಾಯಿಗೆ ಬಿದ್ದದ್ದು ಇನ್ನೂ ಬೆಚ್ಚಗಿದ್ದ ತುಣುಕು. ಅದಾಗಿ ಇಪ್ಪತ್ತೊಂದು ವರ್ಷ. ಆ ಕೈಯೊಂದನ್ನು ಬಿಟ್ಟರೆ ಬೇರೆ ಯಾರ ಕೈಯೂ ಅವಳ ಬಾಯಿಗೆ ತುತ್ತಿಟ್ಟಿರಲಿಲ್ಲ.

ಆ ವರ್ಷ ಬೇಸಿಗೆ ಇಳಿಯುವ ಹೊತ್ತಿಗೆ ಕಿರಿಯ ಸೊಸೆ ಮಿರಾನ್ ಮನೆಗೆ ಬಂದಳು. ಅವಳ ಗಂಡನಿಗೆ ಪೊಹಾಂಗ್ ಬಂದರಿನಲ್ಲಿ ಕ್ರೇನ್ ನಡೆಸುವ ಕೆಲಸ. ಮದುವೆಯಾದ ನಾಲ್ಕು ವರ್ಷಗಳಲ್ಲಿ ಅವಳಿಗೆ ಎರಡು ಬಾರಿ ಗರ್ಭ ನಿಂತು, ಎರಡೂ ಬಾರಿ ಇಳಿದುಹೋಗಿತ್ತು. ಬ್ಯಾಂಕಿನಲ್ಲಿ ಕೆಲಸ ಮಾಡುತ್ತಿದ್ದವಳು ಒಂದು ದಿನ ಕೌಂಟರಿನ ಹಿಂದೆಯೇ ತಲೆಸುತ್ತಿ ಬಿದ್ದಳು. ರಕ್ತ ಕಡಿಮೆಯಿದೆ, ಕೆಲವು ತಿಂಗಳು ವಿಶ್ರಾಂತಿ ಬೇಕು ಎಂದರು ಆಸ್ಪತ್ರೆಯವರು. ಒಬ್ಬಳನ್ನೇ ಬಿಡುವುದು ಬೇಡವೆಂದು ಬುನ್ನಾಮ್ ತಾನೇ ಹೋಗಿ ಕರೆತಂದಳು.

ಮರುದಿನ ಮಧ್ಯಾಹ್ನ ತೇಗ್ಯು ಮಾಂಸ ತಂದ. ಪಿಲ್‌ಸುನ್ ಎಂದಿನಂತೆ ಕೈ ಒರೆಸಿಕೊಂಡು ಹಲಗೆಯ ಬಳಿ ನಿಂತಳು. ಬುನ್ನಾಮ್ ತುಣುಕು ಕತ್ತರಿಸಿ, ಅದ್ದಿ, ಅವಳನ್ನು ದಾಟಿ ಹೋದಳು.

"ಮಿರಾನ್, ಬಾ ಇಲ್ಲಿ. ಬಾಯಿ ತೆಗಿ."

"ನಾನಾ ಅತ್ತೆ? ಅಕ್ಕ ತಿನ್ನೋದಲ್ವಾ?"

"ಅವಳಿಗೇನಾಗಿದೆ, ಎತ್ತಿನ ಹಾಗಿದ್ದಾಳೆ. ರಕ್ತ ಬೇಕಾಗಿರೋದು ನಿಂಗೆ. ಮೊದಲ್ನೇ ತುಣುಕಿಗೆ ಗಾಳಿ ಸೋಕಿರಲ್ಲ, ಅದರ ಕಸುವೇ ಬೇರೆ. ತೆಗಿ ಬಾಯಿ."

ಮಿರಾನ್ ಬಾಯಿ ತೆರೆದು ತುಣುಕು ಇಡಿಸಿಕೊಂಡಳು. ಏನು ಹೇಳಬೇಕೆಂದು ತಿಳಿಯದೆ ಓರಗಿತ್ತಿಯ ಮುಖ ನೋಡಿದಳು.

"ತಟ್ಟೆಗೆ ಅನ್ನು" ಎಂದಳು ಪಿಲ್‌ಸುನ್. "ಅಷ್ಟೇ ಕೆಲಸ. ಬ್ಯಾಂಕಿನ ಪರೀಕ್ಷೆಗಿಂತ ಸುಲಭ."

"ತಟ್ಟೆಗೆ" ಎಂದಳು ಮಿರಾನ್.

ಅಂದಿನಿಂದ ಅದೇ ನಡೆಯಿತು. ಪಿಲ್‌ಸುನ್‌ಳ ಕೆಲಸದಲ್ಲಿ ಯಾವ ಕಡಿತವೂ ಆಗಲಿಲ್ಲ. ಮೂಲಂಗಿ ಹೆಚ್ಚುವುದು, ಮೂಳೆ ಕುದಿಸುವುದು, ಮೇಜು ಒರೆಸುವುದು, ತಟ್ಟೆಗಳಲ್ಲಿ ತುಂಡು ಜೋಡಿಸುವುದು, ಎಲ್ಲವೂ ಅವಳದೇ. ಮಧ್ಯಾಹ್ನ ತೇಗ್ಯುವಿನ ಗಾಡಿಯ ಸದ್ದಾಗುವ ಹೊತ್ತಿಗೆ ಮಾತ್ರ ಅವಳಿಗೆ ಅಂಗಳದಲ್ಲಿ ಏನಾದರೂ ಕೆಲಸ ನೆನಪಾಗುತ್ತಿತ್ತು.

ಊಟದ ಮೇಜಿನಲ್ಲಿ ಅವಳ ಒಳಗಿನ ಕಹಿ ಹೊರಬೀಳುತ್ತಿತ್ತು. ಬುನ್ನಾಮ್ ಒಂದು ಸಂಜೆ ಮನೆಯವರಿಗಾಗಿ ಯುಖ್ವೆ ಮಾಡಿದಳು: ಹಸಿ ಮಾಂಸವನ್ನು ಎಳೆ ಎಳೆಯಾಗಿ ಸೀಳಿ, ಎಳ್ಳೆಣ್ಣೆ, ಬೆಳ್ಳುಳ್ಳಿ, ಸೋಯಾ ರಸದಲ್ಲಿ ಕಲಸಿ, ಸುತ್ತ ಪೇರ್ ಹಣ್ಣಿನ ಎಳೆಗಳನ್ನಿಟ್ಟು, ನಡುವೆ ಮೊಟ್ಟೆಯ ಹಳದಿ. ತಟ್ಟೆಯನ್ನು ಮಿರಾನ್‌ಳ ಮುಂದೆಯೇ ಇಟ್ಟಳು.

"ಅತ್ತೆ, ಇವತ್ತು ಹೊಟ್ಟೆ ಸ್ವಲ್ಪ ಸರಿಯಿಲ್ಲ. ಭಾವ ತಿನ್ನಲಿ" ಎಂದು ಮಿರಾನ್ ತಟ್ಟೆಯನ್ನು ತೇಗ್ಯುವಿನತ್ತ ಸರಿಸಿದಳು.

"ಮೆದು ಹೊಟ್ಟೆ ಪಾಪ" ಎಂದಳು ಪಿಲ್‌ಸುನ್ ಸಾರು ಬಡಿಸುತ್ತ. "ಹಳದಿ ನಡುಗ್ತಿದೆ ಅಂತ ಹೆದರಿದಳೋ ಏನೋ."

"ಅಮ್ಮಾ, ಸುಮ್ನಿರೇ" ಎಂದಳು ಸುಲ್ಗಿ. ಹತ್ತೊಂಬತ್ತರ ಅವಳು ಕಾಲೇಜಿನಲ್ಲಿ ಆಹಾರ ಪೋಷಣೆಯ ಮೊದಲ ವರ್ಷ ಓದುತ್ತಿದ್ದಳು. ಮನೆಯಲ್ಲಿ ಬೇಯುವುದಕ್ಕೆಲ್ಲ ಅವಳಲ್ಲಿ ಒಂದು ಪಾಠವಿತ್ತು. "ಅಜ್ಜಿ, ರಕ್ತಕ್ಕೆ ಬೇಕಾಗಿರೋದು ಕಬ್ಬಿಣದ ಅಂಶ. ಅದು ಬೇಯಿಸಿದ್ರೂ ಮಾಂಸದಲ್ಲೇ ಇರುತ್ತೆ, ಓಡಿ ಹೋಗಲ್ಲ. ಹಸೀದೇ ತಿನ್ನಬೇಕು ಅಂತೇನಿಲ್ಲ."

"ಕಬ್ಬಿಣ ಬೇಕಾದ್ರೆ ಪಕ್ಕದ ಬೀಗದವನ ಹತ್ರ ಹೋಗು. ನಂದು ಮಾಂಸ."

"ಮೇಷ್ಟ್ರು ಹೇಳಿದ್ದು ಅಜ್ಜಿ. ಹಸಿ ಮಾಂಸದಲ್ಲಿ ಕೆಲವು ಸಲ ಕಣ್ಣಿಗೆ ಕಾಣದ ಹುಳ ಇರುತ್ತಂತೆ. ಬಸುರಿಯರು, ಮಕ್ಕಳು, ವಯಸ್ಸಾದೋರು ತಿನ್ನಲೇಬಾರದಂತೆ."

ಬುನ್ನಾಮ್ ಚಮಚ ಕೆಳಗಿಟ್ಟಳು. "ನನ್ನ ತಟ್ಟೇಲಿ ಹುಳ ಇದೆ ಅಂತೀಯೇನೇ? ನೀನು ಹುಟ್ಟೋ ಹಿಂದಿನ ದಿನ ನಿಮ್ಮಮ್ಮ ಇದೇ ಮಾಂಸ ತಿಂದಳು. ನಿಂಗೇನಾಯ್ತು? ನಾಲಿಗೆ ಒಂದು ಗೇಣು ಉದ್ದ ಬಂತು, ಅಷ್ಟೇ."

ತೇಗ್ಯು ನಗುತ್ತ ತಟ್ಟೆ ಖಾಲಿ ಮಾಡಿದ. ಪಿಲ್‌ಸುನ್ ನಗಲಿಲ್ಲ. ಅತ್ತೆ ಎದ್ದುಹೋಗಿ ಮಿರಾನ್‌ಳಿಗಾಗಿ ಗಂಜಿ ಕಾಯಿಸುವುದನ್ನೇ ನೋಡುತ್ತಿದ್ದಳು.

ಸೆಪ್ಟೆಂಬರ್ ಮೊದಲ ವಾರದಲ್ಲಿ ಬಟ್ಟೆ ಒಗೆಯುವಾಗ ಅವಳ ಕೈಗೆ ಮಿರಾನ್‌ಳ ಕರವಸ್ತ್ರ ಸಿಕ್ಕಿತು. ಅದರಲ್ಲಿ ಎಣ್ಣೆಯ ಕಲೆ. ಕಲೆಯ ಅಂಚಿನಲ್ಲಿ ಮೆಣಸಿನಪುಡಿಯ ತರಿ. ಅವಳು ಅದನ್ನು ಮೂಗಿಗೆ ಹಿಡಿದಳು. ಎಳ್ಳೆಣ್ಣೆ, ಬೆಳ್ಳುಳ್ಳಿ.

ಮರುದಿನ ಮಾಂಸ ಬರುವ ಹೊತ್ತಿಗೆ ಪಿಲ್‌ಸುನ್ ಜಾಡಿಗಳ ಜಗಲಿಯ ಹಿಂದೆ ಕುಳಿತಿದ್ದಳು. ಒಳಗಿನಿಂದ "ತಟ್ಟೆಗೆ" ಎಂಬ ಮಾತು ಕೇಳಿಸಿತು. ಸ್ವಲ್ಪ ಹೊತ್ತಿಗೆ ಮಿರಾನ್ ಕರವಸ್ತ್ರವನ್ನು ಬಾಯಿಗೊತ್ತಿಕೊಂಡು ಹೊರಬಂದಳು. ಅದನ್ನು ಬಿಚ್ಚಿ ಜಗಲಿಯ ಮೂಲೆಯಲ್ಲಿ ಕೊಡವಿದಳು. ಓಣಿಯ ಕಂದು ಬೆಕ್ಕು ಹೊತ್ತು ನೋಡಿಕೊಂಡು ಬಂದಿದ್ದಂತೆ ನೇರವಾಗಿ ಬಂದು, ಬುನ್ನಾಮ್ ಕೈಯಾರೆ ಇಟ್ಟ ಮೊದಲ ತುಣುಕನ್ನು ತಿಂದು, ಮೀಸೆ ನೆಕ್ಕಿಕೊಂಡಿತು. ಎರಡು ವಾರಗಳಲ್ಲಿ ಅದರ ಹೊಟ್ಟೆ ನೆಲ ಮುಟ್ಟುವಷ್ಟಾಗಿತ್ತು.

ಆ ದಿನ ಅಮ್ಮನಿಗೆ ಬೆಕ್ಕಿನ ಮೇಲೂ ಹೊಟ್ಟೆಕಿಚ್ಚಾಯಿತು ಎಂದು ಸುಲ್ಗಿ ನಗುತ್ತ ಹೇಳುತ್ತಾಳೆ. ಪಿಲ್‌ಸುನ್ ಅದನ್ನು ಅಲ್ಲಗಳೆಯಲಿಲ್ಲ.

ಮಾಂಸ ನುಂಗಲು ಬ್ಯಾಂಕಿನವಳಿಗೆ ಅಸಹ್ಯ ಎಂದೇ ಅವಳು ತಿಳಿದಳು. ಅತ್ತೆಗೆ ಹೇಳಲಿಲ್ಲ. ಗಂಡ ತೇಗ್ಯುವನ್ನು ಮಾತ್ರ ಒಮ್ಮೆ ಕೇಳಿದಳು:

"ನಿಮ್ಮಮ್ಮ ಮೋಸ ಹೋಗ್ತಿದ್ರೆ ಹೇಳಬೇಕಾ, ಬೇಡ್ವಾ?"

"ಯಾರು ಮೋಸ ಮಾಡ್ತಿರೋರು?"

"ಬೆಕ್ಕು."

"ಹಬ್ಬಕ್ಕೆ ಇನ್ನು ಹತ್ತು ದಿನ ಇದೆ, ಸುಲ್ಗಿ ಅಮ್ಮ. ಈಗ್ಲೇ ನಂಗೆ ತಲೆ ಕೆಡಿಸ್ಬೇಡ" ಎಂದು ಅವನು ಮಗ್ಗುಲು ಬದಲಿಸಿದ.

ಚುಸೊಕ್ ಬಂತು. ಕಿರಿಯ ಮಗ ಒಂದೂವರೆ ದಿನದ ಮಟ್ಟಿಗೆ ಬಂದು ಹೋದ. ಹೊಸ ಅಕ್ಕಿಯ ಕಡುಬುಗಳಿಗೆ ಪೈನ್ ಎಲೆ ಹಾಸುವುದರಿಂದ ಹಿಡಿದು ಹಿರಿಯರ ಎಡೆಯ ಪಾತ್ರೆ ತೊಳೆಯುವವರೆಗೆ ಪಿಲ್‌ಸುನ್ ಕೂರಲಿಲ್ಲ. ಮಿರಾನ್ ಕರಿಯುವ ಒಲೆಯ ಬಳಿ ಬಂದು, ಎಣ್ಣೆಯ ವಾಸನೆಗೆ ಮುಖ ತಿರುಗಿಸಿ ಹೊರಗೆ ಹೋದಳು.

"ಮಾವನವರ ಎಡೆಗೆ ಹಸಿ ಮಾಂಸ ಇಡೋ ಪದ್ಧತಿ ಇದೆ ನಮ್ಮಲ್ಲಿ" ಎಂದು ಪಿಲ್‌ಸುನ್ ಅವಳ ಬೆನ್ನಿಗೆ ಕೇಳುವಂತೆ ಹೇಳಿದಳು. "ಸತ್ತೋರು ಕರವಸ್ತ್ರ ತರಲ್ಲ. ಇಟ್ಟಿದ್ದನ್ನ ತಿಂತಾರೆ."

ಮಿರಾನ್ ನಿಂತಳು. ತಿರುಗಿ ನೋಡಲಿಲ್ಲ. "ಅಕ್ಕ, ಇನ್ನೊಂದು ತಿಂಗಳು. ಆಮೇಲೆ ನಾನೇ ಅತ್ತೆಗೆ ಹೇಳ್ತೀನಿ."

"ಏನು ಹೇಳ್ತೀಯ?"

ಅವಳು ಆಗಲೇ ಅಂಗಳ ದಾಟಿದ್ದಳು. ಬ್ಯಾಂಕಿಗೆ ಮರಳುವಾಗ ಹೇಳುತ್ತಾಳೆ, ಅಲ್ಲಿಯವರೆಗೆ ಮೊದಲ ತುಣುಕು ಬೆಕ್ಕಿಗೇ ಎಂದು ಪಿಲ್‌ಸುನ್ ಅರ್ಥಮಾಡಿಕೊಂಡಳು.

ಹಬ್ಬದ ರಜೆ ಮುಗಿದು ಕಸಾಯಿಖಾನೆ ತೆರೆದ ದಿನ ಬೇ ಎಂಬ ಮೇಷ್ಟ್ರ ಕೂಟದವರು ಬರುವುದು ವಾಡಿಕೆ. ನಿವೃತ್ತ ಉಪಾಧ್ಯಾಯರು ಆರು ಜನ. ಹತ್ತೊಂಬತ್ತು ವರ್ಷಗಳಿಂದ ಅದೇ ದಿನ, ಅದೇ ಮೇಜು, ಮಧ್ಯಾಹ್ನ ಮೂರು ಗಂಟೆ. ಅಂದು ತೇಗ್ಯು ಹಬ್ಬದಲ್ಲಿ ಕುಡಿದ ಸೋಜು ಹೆಂಡದ ಮಂಪರಿನಲ್ಲಿ ತಡವಾಗಿ ಎದ್ದ. ಅವನು ಹೋಗುವ ಹೊತ್ತಿಗೆ ಆ ದಿನದ ತೊಡೆಮಾಂಸ ಬೇರೆ ಅಂಗಡಿಗಳ ಪಾಲಾಗಿತ್ತು. ಉಳಿದಿದ್ದದ್ದು ಒಂದೇ. ಮಾರುವವನು ಬೆಳಿಗ್ಗಿನದು ಎಂದ. ಹಾಗೆನ್ನುವಾಗ ಕಣ್ಣು ತಪ್ಪಿಸಿದ. ಬರಿಗೈಯಲ್ಲಿ ಹೋದರೆ ಅಮ್ಮನ ಬೈಗುಳ. ಕೆಟ್ಟದ್ದಾದರೆ ಬಾಯಿ ಹೇಳುತ್ತದೆ, ಪಾತ್ರೆಗೆ ಹೋಗುತ್ತದೆ ಎಂದುಕೊಂಡು ಅವನು ತಂದ.

ಬುನ್ನಾಮ್ ಹಲಗೆಯ ಮೇಲೆ ಕತ್ತಿ ಎಳೆದಳು. ಅಂದಿನ ಮಾಂಸವಾದರೆ ಅಲಗನ್ನು ಹಿಡಿದೆಳೆಯುತ್ತದೆ. ಪ್ರತಿ ತುಂಡನ್ನೂ ಬೆರಳಿನಿಂದ ಬಿಡಿಸಬೇಕು. ಅಂದು ಕತ್ತಿ ಸಲೀಸಾಗಿ ಸಾಗಿತು. ತುಂಡು ತಾನಾಗಿ ಹಲಗೆಗೆ ಬಿತ್ತು, ಬಿದ್ದ ಕಡೆ ಒದ್ದೆ ಉಳಿಯಿತು. ತಟ್ಟೆ ಹಿಡಿದು ಪಕ್ಕದಲ್ಲೇ ನಿಂತಿದ್ದ ಪಿಲ್‌ಸುನ್ ಅದನ್ನು ನೋಡಿದಳು.

"ಹಬ್ಬಕ್ಕೆ ಕತ್ತಿ ಮಸೆಸಿದ್ದು ಜಾಸ್ತಿ ಆಯ್ತೇನೋ" ಎಂದು ಗೊಣಗುತ್ತ ಬುನ್ನಾಮ್ ತುಣುಕನ್ನು ಅದ್ದಿ ಮಿರಾನ್‌ಳ ಬಾಯಿಗಿಟ್ಟಳು. "ಚೆನ್ನಾಗಿ ಅಗಿ. ಏನಂತೀಯ?"

ಮಿರಾನ್‌ಳ ಕೆನ್ನೆ ಒಂದು ಕಡೆ ಉಬ್ಬಿತ್ತು. "ತಟ್ಟೆಗೆ ಅತ್ತೆ."

"ನಿಜವಾಗ್ಲೂ?"

"ಹೂಂ."

ಬುನ್ನಾಮ್ ಕತ್ತಿಯನ್ನು ನೋಡಿದಳು, ಹಲಗೆಯನ್ನು ನೋಡಿದಳು. ಹಿರಿಯ ಸೊಸೆಯತ್ತ ತಿರುಗಿದಳು. "ಪಿಲ್‌ಸುನ್, ನೀನೇನಂತೀಯ?"

ಮೂವತ್ತಮೂರು ದಿನಗಳ ಮೇಲೆ ಅತ್ತೆ ಅವಳನ್ನು ಆ ಪ್ರಶ್ನೆ ಕೇಳಿದ್ದಳು. ಎಣಿಕೆ ಪಿಲ್‌ಸುನ್‌ಳದೇ.

"ನನ್ನ ಬಾಯಿ ಯಾರಿಗೆ ಬೇಕು ಅತ್ತೆ? ಬೇಕಾಗಿರೋ ಬಾಯಿ ಹೇಳಾಯ್ತಲ್ಲ."

"ಬಾಯಿಗೆ ಬಂದಂಗೆ ಮಾತಾಡ್ಬೇಡ. ಜೋಡಿಸು" ಎಂದಳು ಬುನ್ನಾಮ್.

ಪಿಲ್‌ಸುನ್ ಜೋಡಿಸಿದಳು. ಒಂದೊಂದು ತುಂಡೂ ಬೆರಳಿನಿಂದ ಜಾರಿ ತಟ್ಟೆಗೆ ಇಳಿಯಿತು.

ಮೂರು ಗಂಟೆಗೆ ಆರು ಜನ ಹಿರಿಯರೂ ಬೂಟು ಕಳಚಿ ಮೇಜಿನ ಸುತ್ತ ಕುಳಿತರು. ಜೊತೆಗೆ ಹೊಸಬರೊಬ್ಬರಿದ್ದರು, ಬೇ ಮೇಷ್ಟ್ರ ಬೀಗರು, ರಾಜಧಾನಿ ಸಿಯೋಲ್‌ನವರು. ಅವರಿಗೆ ತೋರಿಸಬೇಕೆಂದೇ ಮೇಷ್ಟ್ರು ಕೂಗಿದರು:

"ಅಂಗಡಿಯಮ್ಮಾ, ನಮ್ಮ ಬೀಗರು ನಂಬಲ್ಲ ಅಂತಾರೆ. ಸ್ವಲ್ಪ ಎತ್ತಿ ಹಿಡಿದು ತೋರ್ಸಿ, ಬಾಯಿ ಮುಚ್ಚಿಸೋಣ."

ಬುನ್ನಾಮ್ ಎರಡೂ ಕೈಯಲ್ಲಿ ತಟ್ಟೆಯನ್ನು ತಲೆಯ ಮಟ್ಟಕ್ಕೆತ್ತಿ ಮಗುಚಿದಳು. ಮೊದಲು ಒಂದು ತುಂಡು, ಆಮೇಲೆ ಎಲ್ಲವೂ ಒಟ್ಟಿಗೆ, ಆ ಬೀಗರ ಮುಂದಿದ್ದ ಕಿಮ್ಚಿ ಬಟ್ಟಲಿಗೂ ಮಡಿಲಿಗೂ ಬಿದ್ದವು.

ಬುನ್ನಾಮ್ ಖಾಲಿ ತಟ್ಟೆಯನ್ನು ಮಗುಚಿದಂತೆಯೇ ಹಿಡಿದು ನಿಂತಿದ್ದಳು. ಬೇ ಮೇಷ್ಟ್ರು ಬೀಗರ ಮಡಿಲಿನ ತುಂಡನ್ನು ತಾವೇ ಎತ್ತಿಟ್ಟು ಮೆಲ್ಲನೆ ಹೇಳಿದರು:

"ಹಬ್ಬದೂಟ ಇನ್ನೂ ಹೊಟ್ಟೇಲೇ ಇದೆಯಮ್ಮ. ಇವತ್ತು ಸಾರೇ ಕೊಡಿ. ಸಾರು ಕುಡಿದು ಎಷ್ಟೋ ದಿನ ಆಯ್ತು."

ಅವರು ಬೈದಿದ್ದರೆ ಅತ್ತೆ ಅಷ್ಟು ಕುಗ್ಗುತ್ತಿರಲಿಲ್ಲ ಎನ್ನುತ್ತಾಳೆ ಪಿಲ್‌ಸುನ್. ಏಳೂ ಜನ ಸಾರು ಕುಡಿದು, ಚೆನ್ನಾಗಿದೆ ಎಂದು ಬೇಕಾದ್ದಕ್ಕಿಂತ ಹೆಚ್ಚು ಸಲ ಹೇಳಿ, ಹೋದರು. ಬುನ್ನಾಮ್ ಹಣ ಮುಟ್ಟಲಿಲ್ಲ. ಹಗಲು ಬೆಳಕಿನಲ್ಲೇ ರೋಲಿಂಗ್ ಬಾಗಿಲನ್ನು ಎಳೆದಳು. ಹಾಸಿಗೆ ಮಳಿಗೆಯ ಹೆಂಗಸರು ಸೂಜಿ ನಿಲ್ಲಿಸಿ ನೋಡಿದರು.

"ಎಲ್ರೂ ಕೂತ್ಕೊಳ್ಳಿ" ಎಂದಳು ಒಳಬಂದು. "ತೇಗ್ಯು, ಇದು ಯಾವತ್ತಿನ ಮಾಂಸ?"

ತೇಗ್ಯು ತಲೆ ತಗ್ಗಿಸಿ ಇದ್ದದ್ದನ್ನು ಹೇಳಿದ. "ಬಾಯಿ ಇದೆಯಲ್ಲ, ಹೇಳುತ್ತೆ ಅಂದ್ಕೊಂಡೆ ಅಮ್ಮ."

"ಬಾಯಿ ತಟ್ಟೆಗೆ ಅಂತಲೇ ಹೇಳ್ತು. ಮಿರಾನ್, ನಿಂಗೆ ರುಚಿ ಗೊತ್ತಾಗ್ಲಿಲ್ವೇನಮ್ಮ?"

ಮಿರಾನ್ ಮಾತು ತೆಗೆಯುವ ಮೊದಲೇ ಪಿಲ್‌ಸುನ್ ಎದ್ದಳು. ಓರಗಿತ್ತಿಯ ಏಪ್ರನ್ ಜೇಬಿಗೆ ಕೈಹಾಕಿ ಕರವಸ್ತ್ರ ಹೊರಗೆಳೆದು ಮೇಜಿನ ಮೇಲೆ ಬಿಚ್ಚಿದಳು. ಗಡಿಬಿಡಿಯಲ್ಲಿ ಅಂದಿನ ತುಣುಕು ಬೆಕ್ಕಿಗೂ ದಕ್ಕಿರಲಿಲ್ಲ, ಅಲ್ಲೇ ಇತ್ತು.

"ರುಚಿ ನೋಡಿದ್ರೆ ತಾನೇ ಗೊತ್ತಾಗೋದು! ದಿನಾ ಮೊದಲ್ನೇ ತುಣುಕು ತಿಂದಿದ್ದು ಓಣಿ ಬೆಕ್ಕು ಅತ್ತೆ. ಒಂದು ತಿಂಗಳಿಂದ ನಿಮ್ಮ ಅಂಗಡಿ ನಡೆದಿರೋದು ಬೆಕ್ಕಿನ ಬಾಯಿಂದ. ನಮ್ಮ ಮನೆ ಮಾಂಸ ನುಂಗೋಕೆ ಇವರಿಗೆ ಅಸಹ್ಯ."

"ಅಸಹ್ಯ ಅಲ್ಲ ಅಕ್ಕ!" ಎಂದು ಮಿರಾನ್ ಕೂಗಿದಳು. ಆ ಮನೆಯಲ್ಲಿ ಅವಳ ಏರುದನಿ ಅದೇ ಮೊದಲು. "ಹನ್ನೊಂದು ವಾರ ಆಗಿದೆ ನಂಗೆ. ಹಸೀದು ಬೇಡ್ವೇ ಬೇಡ ಅಂದ್ರು ಡಾಕ್ಟ್ರು. ಎರಡು ಸಲ ಮೊದಲೇ ಹೇಳ್ಕೊಂಡು ಎರಡೂ ಹೋಯ್ತು. ಈ ಸಲ ನಾಲ್ಕನೇ ತಿಂಗಳು ಹಿಡಿಯೋವರೆಗೂ ಬಾಯಿ ಬಿಡಲ್ಲ ಅಂತ ನಮ್ಮನೆಯವರೂ ನಾನೂ ಆಣೆ ಇಟ್ಕೊಂಡಿದ್ವಿ. ಅತ್ತೆ ಕೈಯಲ್ಲಿ ಹಿಡ್ಕೊಂಡು ಬಂದ್ರೆ ಹೇಗೆ ಬೇಡ ಅನ್ನಲಿ? ಹಿಂದಿನ ದಿನಗಳ ಮಾಂಸ ಚೆನ್ನಾಗೇ ಇತ್ತಲ್ಲ, ಇವತ್ತೂ ಇರುತ್ತೆ ಅಂದ್ಕೊಂಡೆ."

ಸುಲ್ಗಿ ಚಿಕ್ಕಮ್ಮನ ಪಕ್ಕಕ್ಕೆ ಸರಿದು ಅವಳ ಕೈ ಹಿಡಿದಳು. "ನಾನವತ್ತು ಹೇಳಿದ್ದು ಇದನ್ನೇ ಅಜ್ಜಿ" ಎಂದಳು, ಈ ಸಲ ಮೆಲ್ಲಗೆ.

ಬುನ್ನಾಮ್ ಕರವಸ್ತ್ರದ ತುಣುಕನ್ನು ಬೆರಳಿನಿಂದ ಒತ್ತಿ ನೋಡಿದಳು. ಆಮೇಲೆ ಹಿರಿಯ ಸೊಸೆಯ ಕಡೆ ತಿರುಗಿದಳು.

"ಹೆತ್ತವಳು ನೀನು. ತಿಂಗಳು ಪೂರ್ತಿ ಅವಳನ್ನೇ ನೋಡ್ತಿದ್ದೆ. ಗೊತ್ತಾಗ್ಲಿಲ್ವಾ?"

"ನಾನು ನೋಡಿದ್ದು ಬಾಯಿನ ಅತ್ತೆ. ಹೊಟ್ಟೆ ನೋಡ್ಲಿಲ್ಲ."

"ಇವತ್ತು ಹಲಗೆ ನೋಡಿದ್ಯಾ?"

ಪಿಲ್‌ಸುನ್ ಏಪ್ರನ್ನಿಗೆ ಕೈ ಒರೆಸಿಕೊಂಡಳು.

"ಕತ್ತಿಗೆ ಅಂಟ್ಲಿಲ್ಲ. ನೀರು ಬಿಟ್ಟಿತ್ತು. ನಂಗೇ ಅನುಮಾನ ಬಂದು ನಿನ್ನ ಕೇಳಿದೆ. ಗೊತ್ತಿತ್ತಾ, ಇಲ್ವಾ?"

"ಗೊತ್ತಿತ್ತು."

"ಇವಳು ಸುಳ್ಳು ಹೇಳಿದ್ದು ಮಗೂಗೋಸ್ಕರ. ನೀನು ಸುಮ್ನಿದ್ದಿದ್ದು ಯಾರಿಗೋಸ್ಕರ?"

"ನಂಗೋಸ್ಕರ" ಎಂದಳು ಪಿಲ್‌ಸುನ್. "ಅವಳಿಗೆ ರಕ್ತ ಬೇಕಿತ್ತಾ, ತಟ್ಟೆ ತುಂಬ ಕೊಡ್ಬೇಕಿತ್ತು. ದನ ಇಡೀ ಕೊಡ್ಬೇಕಿತ್ತು. ಮೊದಲ್ನೇದೇ ಯಾಕೆ ಕೊಟ್ರಿ? ಇಪ್ಪತ್ತೊಂದು ವರ್ಷದಲ್ಲಿ ನಂಗೆ ಅಂತ ನೀವು ಕೊಟ್ಟಿದ್ದು ಅದೊಂದೇ."

"ಒಂದು ತುಣುಕು ಮಾಂಸಕ್ಕೆ ಇಷ್ಟು ಹೊಟ್ಟೆಕಿಚ್ಚಾ?"

"ಹೌದು ಅತ್ತೆ."

ಬುನ್ನಾಮ್ ಎದ್ದು ಹೋಗಿ ಉಳಿದ ಮಾಂಸವನ್ನೆಲ್ಲ ಪಾತ್ರೆಗೆ ಸುರಿದಳು. ಕತ್ತಿಯನ್ನು ತೊಳೆದು, ಒರೆಸಿ, ಬಟ್ಟೆಯಲ್ಲಿ ಸುತ್ತಿ ಬೀರುವಿಗೆ ಸೇರಿಸಿದಳು.

ಮೂರು ದಿನ ಅಂಗಡಿ ತೆರೆಯಲಿಲ್ಲ. ಎರಡನೆಯ ದಿನ ಅತ್ತೆ, ಹಿರಿಯ ಸೊಸೆ ಇಬ್ಬರೂ ಸಾರಿನ ಪಾತ್ರೆ ಹೊತ್ತು ಬಸ್ಸಿನಲ್ಲಿ ಬೇ ಮೇಷ್ಟ್ರ ಮನೆಗೆ ಹೋದರು. ಮೇಷ್ಟ್ರ ಮುಂದೆ ಬುನ್ನಾಮ್ ನೆಲಕ್ಕೆ ಬಾಗಿ "ಹಬ್ಬಕ್ಕೆ ಮುಂಚಿನ ಮಾಂಸ ಅಂತ ಗೊತ್ತಾಗದೆ ಇಟ್ಟೆ, ತಪ್ಪು ನಂದು" ಎಂದಳು. ಪಿಲ್‌ಸುನ್ ಹಿಂದೆ ನಿಂತು ಕೇಳಿದಳು. ಅತ್ತೆ ತನ್ನ ಹೆಸರೆತ್ತಬಹುದೆಂದು ಕಾದಳು; ಎತ್ತಲಿಲ್ಲ. ಮೇಷ್ಟ್ರ ಹೆಂಡತಿ ಪಾತ್ರೆ ಖಾಲಿ ಮಾಡಿ, ಬರಿದಾಗಿ ಕಳಿಸಬಾರದೆಂದು ಅದರ ತುಂಬ ಕಿತ್ತಳೆಗೆಂಪಿನ ಪರ್ಸಿಮನ್ ಹಣ್ಣುಗಳನ್ನಿಟ್ಟು ಕೊಟ್ಟರು. ಬಸ್ಸಿನಲ್ಲಿ ಆ ಪಾತ್ರೆ ಇಬ್ಬರ ನಡುವೆ ಸೀಟಿನ ಮೇಲೆ ಕುಳಿತು ಬಂತು.

ನಾಲ್ಕನೆಯ ದಿನ ತೇಗ್ಯು ಹನ್ನೊಂದಕ್ಕೇ ಮಾಂಸ ತಂದ. ಬೆಳಗಿನ ಜಾವವೇ ಹೋಗಿ ಕಾದಿದ್ದನಂತೆ. ಬಟ್ಟೆ ಬಿಚ್ಚಿದರೆ ಇನ್ನೂ ಬಿಸುಪು. ಪಿಲ್‌ಸುನ್ ಅಂಗಳಕ್ಕೆ ಹೋಗಲು ಕೈ ಒರೆಸಿಕೊಳ್ಳುತ್ತಿದ್ದಳು.

"ಎಲ್ಲಿಗೆ ಹೊರಟೆ? ಬಾ ಇಲ್ಲಿ" ಎಂದಳು ಬುನ್ನಾಮ್. ಸುತ್ತಿದ ಕತ್ತಿಯನ್ನು ಹಿಡಿಯ ಕಡೆಯಿಂದ ಅವಳತ್ತ ಚಾಚಿದಳು. "ಇವತ್ತಿಂದ ನೀನು ಕತ್ತರಿಸು."

"ಅತ್ತೆ, ನಾನಾ?"

"ನನ್ನ ಕೈಗೆ ಅವತ್ತು ಗೊತ್ತಾಗ್ಬೇಕಿತ್ತು, ಗೊತ್ತು ಮಾಡ್ಕೊಳ್ಳಲಿಲ್ಲ. ಕತ್ತಿ ಬಿಡೋ ಹೊತ್ತು ಇದು. ಮಿರಾನ್ ಬ್ಯಾಂಕಿಗೆ ಹೋಗೋಳು, ಅವಳಿಗೆ ಅಂಗಡಿ ಬೇಡ. ಇನ್ಮೇಲೆ ಅಂಗಡಿ ನಿಂದು. ಜಾರಿದ್ರೂ ನಿಂದೇ, ಅಂಟಿದ್ರೂ ನಿಂದೇ."

"ಮೊದಲ್ನೇ ತುಣುಕು?" ಎಂದು ಕೇಳಿದಳು ಪಿಲ್‌ಸುನ್. ಕೇಳಿದ ಮೇಲೆ ಮುಖ ಕೆಂಪಾಯಿತು.

"ಕತ್ತಿ ಯಾರ ಕೈಲಿದೆಯೋ ಅವರು ನೋಡ್ಕೋತಾರೆ" ಎಂದು ಹೇಳಿ ಬುನ್ನಾಮ್ ಒಳಗೆ ಹೋದಳು. ಒಳಗೆ ಒಲೆಯ ಮೇಲೆ ಮಿರಾನ್‌ಳಿಗಾಗಿ ಕಡಲಪಾಚಿಯ ಸಾರಿನಲ್ಲಿ ದನದ ಮಾಂಸ ಮೆತ್ತಗೆ ಬೇಯುತ್ತಿತ್ತು. ಬೇಯಿಸಿದರೂ ಕಬ್ಬಿಣ ಓಡಿಹೋಗುವುದಿಲ್ಲವೆಂದು ಮೊಮ್ಮಗಳಿಂದ ಎರಡು ಸಲ ಹೇಳಿಸಿಕೊಂಡೇ ಒಲೆ ಹಚ್ಚಿದ್ದಳು.

ಪಿಲ್‌ಸುನ್ ಕತ್ತಿ ಎಳೆದಳು. ಮಾಂಸ ಅಲಗನ್ನು ಬಿಗಿಯಾಗಿ ಹಿಡಿದು, ಬಿಡಲೊಲ್ಲದೆ ಬಿಟ್ಟಿತು. ಇಪ್ಪತ್ತೊಂದು ವರ್ಷಗಳಿಂದ ಆ ಕತ್ತಿಯ ಮೇಲೆ ಅವಳು ಕಣ್ಣಿಟ್ಟಿದ್ದಳೆಂದು ಓಣಿಯವರು ಈಗಲೂ ಹೇಳುತ್ತಾರೆ. ಅವಳು ಒಂದು ತುಣುಕನ್ನು ಬೆರಳಿನಿಂದ ಬಿಡಿಸಿ, ಎಳ್ಳೆಣ್ಣೆಯ ಬಟ್ಟಲಿನಲ್ಲಿ ಅದ್ದಿ, ಎತ್ತಿ ಹಿಡಿದು ನಿಂತಳು. ತೇಗ್ಯು ಗಾಡಿ ತೊಳೆಯುತ್ತಿದ್ದ. ಸುಲ್ಗಿ ಕಾಲೇಜಿಗೆ ಹೋಗಿದ್ದಳು. ಅಂಗಳದ ಜಗಲಿಯ ಮೇಲೆ ಕಂದು ಬೆಕ್ಕು ಹೊತ್ತಿಗೆ ಸರಿಯಾಗಿ ಬಂದು ಕುಳಿತು ಅವಳನ್ನೇ ನೋಡುತ್ತಿತ್ತು.

ಒಳಗಿನಿಂದ ಅತ್ತೆಯ ದನಿ ಕೇಳಿಸಿತು. ಚಮಚದಲ್ಲಿದ್ದದ್ದನ್ನು ಊದಿ ಆರಿಸುತ್ತಿದ್ದಳೇನೋ, ನಡುವೆ ಉಸಿರು ಕೇಳಿಸುತ್ತಿತ್ತು.

"ಬಾಯಿ ತೆಗಿ."

ಅದು ಯಾರಿಗೆಂದು ಗೊತ್ತಿತ್ತು. ಆದರೂ ಹಲಗೆಯ ಮುಂದೆ ನಿಂತಿದ್ದ ಪಿಲ್‌ಸುನ್‌ಳ ಬಾಯಿ ತಾನಾಗಿಯೇ ತೆರೆಯಿತು. ಅವಳು ತನ್ನ ಕೈಯಿಂದಲೇ ತುಣುಕನ್ನು ಒಳಗಿಟ್ಟುಕೊಂಡು, ಕಣ್ಣು ಮುಚ್ಚಿ, ಕೊನೆಯವರೆಗೂ ಅಗಿದಳು.

"ತಟ್ಟೆಗೆ" ಎಂದಳು, ಒಳಗಿನವರಿಗೆ ಕೇಳಿಸುವಷ್ಟು ಗಟ್ಟಿಯಾಗಿ.